ಕೂಲರಿನಲ್ಲಿ ಯೂರಿಯಾ

ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಕೂಲರಿನ ನೀರಿಗೆ ಉಪ್ಪು ಹಾಕಲು ಶುರು ಮಾಡಿದ್ದು ಮೊಬೈಲಿಗೆ ಬಂದ ಒಂದು ವಿಡಿಯೊ ನೋಡಿ. ಅದು ಏಪ್ರಿಲ್ ತಿಂಗಳು. ಶಹಾಬಾದದ ನಮ್ಮ ಮನೆಗೆ ನೆಲವೂ ಕಲ್ಲು, ಗೋಡೆಯೂ ಕಲ್ಲು, ಛಾವಣಿಯೂ ಕಲ್ಲು. ಹಗಲಿಡೀ ಕಾದ ಹಾಸುಗಲ್ಲು ಹೊತ್ತು ಮುಳುಗಿದ ಮೇಲೂ ಆರುವುದಿಲ್ಲ. ನಡುಮನೆಯ ಕಿಟಕಿಗೆ ಹಚ್ಚಿಟ್ಟ ತಗಡಿನ ಕೂಲರೇ ಬೇಸಿಗೆಯಲ್ಲಿ ನಮ್ಮ ಮನೆದೇವರು. ಅತ್ತೆ ಅದರ ಎದುರಿಗೇ ಊಟ ಮಾಡುತ್ತಾರೆ, ಅಲ್ಲೇ ಮಲಗುತ್ತಾರೆ.

ಅವತ್ತು ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಭಾವನವರು ಕೂಲರಿನ ಬಾಗಿಲು ತೆಗೆದು, ಕಲ್ಲುಪ್ಪಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು ಟ್ಯಾಂಕಿಗೆ ಸುರಿಯುತ್ತಿದ್ದರು.

"ಅದೇನ್ರಿ ಭಾವಾ?" ಎಂದೆ.

"ಉಪ್ಪು ಹಾಕಿದ್ರ ನೀರು ಥಂಡಿ ಆಗ್ತದವ್ವಾ. ವಿಡಿಯೊ ನೋಡಿಲ್ಲೇನು ನೀ? ಲಕ್ಷಗಟ್ಟಲೆ ಮಂದಿ ನೋಡ್ಯಾರ."

ನಾನು ಚಿತ್ತಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಲವಣಗಳು ನೀರಿನಲ್ಲಿ ಕರಗುವಾಗ ಶಾಖ ಹೀರುತ್ತವೆಯೋ ಬಿಡುತ್ತವೆಯೋ ಎಂಬುದನ್ನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ನನ್ನ ಅರ್ಧ ಆಯುಷ್ಯ ಕಳೆದಿದೆ. ಮನೆಯಲ್ಲಿ ಈ ವಿಷಯಕ್ಕೆ ನನ್ನನ್ನೊಂದು ಮಾತು ಕೇಳಬಹುದಿತ್ತು. ಆದರೂ ತಾಳ್ಮೆ ತಂದುಕೊಂಡು ಹೇಳಿದೆ. ಅಡುಗೆ ಉಪ್ಪು ಕರಗುವಾಗ ಸ್ವಲ್ಪ ಶಾಖ ಹೀರುವುದು ನಿಜ. ಆದರೆ ಅದು ತೀರ ಸ್ವಲ್ಪ, ಅದೂ ಕರಗುವಾಗ ಒಂದು ಸಲ ಮಾತ್ರ. ಕರಗಿ ಮುಗಿದ ಮೇಲೆ ಅದರ ಕೆಲಸ ಮುಗಿಯಿತು. ಕೂಲರ್ ತಂಪು ಕೊಡುವುದು ನೀರು ಆವಿಯಾಗುವುದರಿಂದ. ಉಪ್ಪು ಬೆರೆತ ನೀರು ಆವಿಯಾಗುವುದು ನಿಧಾನ, ಮೇಲಾಗಿ ತಗಡು ತುಕ್ಕು ಹಿಡಿಯುತ್ತದೆ, ಪಂಪು ಕಟ್ಟಿಕೊಳ್ಳುತ್ತದೆ. ಅಂದರೆ ಲಾಭವಿಲ್ಲ, ನಷ್ಟವೇ.

ಭಾವನವರು ಎಲ್ಲವನ್ನೂ ಕೇಳಿದರು. ಅವರ ದೊಡ್ಡ ಗುಣ ಅದು. ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗಲೂ ಬಂದವರ ಅಹವಾಲನ್ನು ಪೂರ್ತಿ ಕೇಳಿಯೇ ನಾಳೆ ಬರ್ರಿ ಎನ್ನುತ್ತಿದ್ದರಂತೆ.

"ಅಂದ್ರ ಥಂಡಿ ಆಗ್ತದ ಅಂತ ನೀನೂ ಒಪ್ಪಿದಿ," ಎಂದರು.

"ಸ್ವಲ್ಪ ಅಂದೀನ್ರಿ."

"ಸ್ವಲ್ಪ ಆದ್ರೂ ಥಂಡಿ ಥಂಡಿನೇ ಅಲ್ಲೇನು?"

ಮಾರನೆಯ ದಿನ ನಾನು ಪ್ರಯೋಗಾಲಯದಿಂದ ಒಂದು ಉಷ್ಣತಾಮಾಪಕ ತಂದೆ. ಒಂದು ಲೋಟ ನೀರಿಗೆ ಉಷ್ಣತಾಮಾಪಕ ಇಳಿಬಿಟ್ಟು, ಭಾವನವರಿಂದಲೇ ಓದಿಸಿ, ಒಂದು ಮುಷ್ಟಿ ಉಪ್ಪು ಹಾಕಿ ಕಲಕಿದೆ. ಪಾದರಸ ಬೇಕೋ ಬೇಡವೋ ಎನ್ನುವಂತೆ ಸ್ವಲ್ಪ ಇಳಿದು ನಿಂತಿತು. ಅಷ್ಟೂ ಉಪ್ಪು ಹಾಕಿದರೂ ಇಷ್ಟೇ ಇಳಿಯುತ್ತದೆ, ಇನ್ನು ಇಡೀ ಟ್ಯಾಂಕಿಗೆ ಒಂದು ಪ್ಯಾಕೆಟ್ ಹಾಕಿದರೆ ಏನಾದೀತು ಎಂದು ತೋರಿಸುವುದು ನನ್ನ ಉದ್ದೇಶ.

ಭಾವನವರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇಳೀತು ನೋಡು," ಎಂದರು. ಅತ್ತೆಯನ್ನು ಕರೆದು, "ಅವ್ವಾ, ಸಣ್ಣ ಸೊಸಿ ಮಷಿನ್ ಹಚ್ಚಿ ನೋಡ್ಯಾಳ. ಉಪ್ಪು ಹಾಕಿದ್ರ ಥಂಡಿ ಆಗ್ತದಂತ," ಎಂದು ಸಾರಿದರು. ಸಂಜೆಯೊಳಗೆ ಓಣಿಯ ಅರ್ಧ ಕೂಲರುಗಳಿಗೆ ನನ್ನ ಹೆಸರಿನಲ್ಲಿ ಉಪ್ಪು ಬಿತ್ತು.

ನನ್ನ ಗಂಡನಿಗೆ ಹೇಳಿದೆ. ಅವರು ಕೂಲರಿನ ಎದುರಿಗೆ ಅಂಗಿ ಬಿಚ್ಚಿ ಕೂತಿದ್ದರು. "ಬಿಡತ್ಲಾಗ, ಅಣ್ಣ ಹಾಕಿದ್ರ ಹಾಕ್ಲಿ. ಉಪ್ಪೇ ಹೌದಿಲ್ಲೊ," ಎಂದರು. ನಮ್ಮ ಮನೆಯಲ್ಲಿ ಎಲ್ಲ ಚರ್ಚೆಗಳೂ ಮುಗಿಯುವುದು ಅವರ ಈ ಬಿಡತ್ಲಾಗ ಎಂಬ ಮಾತಿನಿಂದ.

ಆ ಬೇಸಿಗೆಯಲ್ಲಿ ನಮಗೆ ರಜೆ ಇರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ವಿಶೇಷ ತರಗತಿ ನಡೆಸಬೇಕೆಂದು ಆದೇಶ ಬಂದಿತ್ತು. ಶಹಾಬಾದದಿಂದ ವಾಡಿಗೆ ಒಂದು ರೈಲುಗಾಡಿ, ವಾಡಿಯಿಂದ ಚಿತ್ತಾಪುರಕ್ಕೆ ಇನ್ನೊಂದು. ಬೆಂದು ಬಸವಳಿದು ತರಗತಿಗೆ ಹೋದರೆ ಮಕ್ಕಳೂ ಬೆಂದು ಕೂತಿರುತ್ತಿದ್ದವು. ಶಾಖದ ಲೆಕ್ಕಕ್ಕಿರುವ ಎಂಥಾಲ್ಪಿ ಎಂಬ ಪದ ಬರೆದ ಕೂಡಲೇ ಹಿಂದಿನ ಬೆಂಚಿನವರು ಕಿಟಕಿಯ ಹೊರಗೆ ನೋಡತೊಡಗುತ್ತಿದ್ದರು.

ನಾನು ವಾಡಿ ಸ್ಟೇಷನ್ನಿನ ಉದಾಹರಣೆ ಕೊಟ್ಟೆ. ಉಪ್ಪಿನ ಹರಳಿನೊಳಗೆ ಕಣಗಳು ತುಂಬಿದ ರೈಲುಡಬ್ಬಿಯಲ್ಲಿ ಮಂದಿ ಒತ್ತಿಕೊಂಡು ನಿಂತ ಹಾಗೆ ನಿಂತಿರುತ್ತವೆ. ಅವನ್ನು ಬಿಡಿಸಿ ಹೊರಗೆಳೆಯಲು ಶಕ್ತಿ ಬೇಕು. ಹೊರಗೆ ಬಂದವರನ್ನು ಬೀಗರು ಬಂದು ಸುತ್ತುವರಿದು ಅಪ್ಪಿಕೊಂಡ ಹಾಗೆ ನೀರಿನ ಕಣಗಳು ಸುತ್ತುವರಿಯುತ್ತವೆ. ಆಗ ಶಕ್ತಿ ಹೊರಬರುತ್ತದೆ. ಬಿಡಿಸಲು ಹೋದ ಶಕ್ತಿ ಹೆಚ್ಚಾದರೆ ನೀರು ತಣ್ಣಗಾಗುತ್ತದೆ. ಅಪ್ಪಿಕೊಂಡಾಗ ಬಂದದ್ದು ಹೆಚ್ಚಾದರೆ ನೀರು ಬಿಸಿಯಾಗುತ್ತದೆ. ಅಡುಗೆ ಉಪ್ಪಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ನವಸಾಗರದಲ್ಲಿ, ಅಂದರೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಆ ಬಿಳಿ ಉಪ್ಪಿನಲ್ಲಿ, ಬಿಡಿಸುವ ಖರ್ಚೇ ಹೆಚ್ಚು. ಸುಣ್ಣದ ಜಾತಿಯ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಅಪ್ಪುಗೆಯ ಗಳಿಕೆಯೇ ಹೆಚ್ಚು. ಅದನ್ನು ಹಾಕಿದರೆ ಬೀಕರು ಕೈಗೆ ಸುಡುತ್ತದೆ.

"ಅರ್ಥ ಆಯ್ತೇನು?"

"ಆಯ್ತ್ರಿ ಮೇಡಂ," ಎಂದರು ಎಲ್ಲರೂ ಒಟ್ಟಿಗೆ. ಒಟ್ಟಿಗೆ ಆಯ್ತು ಎಂದರೆ ಯಾರಿಗೂ ಆಗಿಲ್ಲ ಎಂದು ತಿಳಿಯಲು ಬಹಳ ವರ್ಷದ ಅನುಭವ ಬೇಕಿಲ್ಲ. ಕೊನೆಗೆ ನವಸಾಗರ ಕರಗಿಸಿದ ಬೀಕರನ್ನು ಕೈಯಿಂದ ಕೈಗೆ ಕೊಟ್ಟೆ. ಎಲ್ಲರೂ ಅದನ್ನು ಕೆನ್ನೆಗೆ, ಕುತ್ತಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಪಾಠ ಅಲ್ಲಿಗೇ ನಿಂತಿತು. ಬೀಕರು ಮುಂದಿನ ಬೆಂಚಿಗೆ ಮರಳಿ ಬರುವಷ್ಟರಲ್ಲಿ ಬೆಚ್ಚಗಾಗಿತ್ತು.

ಮೇ ತಿಂಗಳಲ್ಲಿ ಎರಡು ಸಂಗತಿಗಳು ನಡೆದವು. ಒಂದು, ಭಾವನವರ ಮಗಳಿಗೆ ಸೇಡಮ್‌ನಲ್ಲಿ ಗಂಡು ಗೊತ್ತಾಯಿತು. ನಿಶ್ಚಯವನ್ನು ನಮ್ಮ ಮನೆಯಲ್ಲೇ ಮಾಡುವುದೆಂದಾಯಿತು. ಎರಡು, ಕೂಲರಿನ ಪಂಪು ನಿಂತಿತು. ಬಾಗಿಲು ತೆಗೆದು ನೋಡಿದರೆ ಒಳಗೆಲ್ಲ ಬಿಳಿ ಹೊಪ್ಪಳೆ, ತಗಡಿನ ಅಂಚು ಹಪ್ಪಳದಂತೆ ಕೈಗೆ ಮುರಿದು ಬಂತು.

"ಈಗಿನ ತಗಡು ಖರಾಬು," ಎಂದರು ಭಾವನವರು.

ನಾನು ಮುರಿದ ತಗಡಿನ ಚೂರುಗಳನ್ನು ಗುಡಿಸಿ ತೆಗೆದೆ. ಉಪ್ಪಿನ ಹೆಸರೆತ್ತಿದ್ದರೆ ಮನೆಯಲ್ಲಿ ನಿಶ್ಚಯದ ಹೊತ್ತಿಗೆ ಅಪಶಕುನ ನುಡಿದವಳಾಗುತ್ತಿದ್ದೆ. ಹೊಸ ಪಂಪು ಬಂತು. ತೂತುಗಳಿಗೆ ಡಾಂಬರು ಮೆತ್ತಿದರು. ಉಪ್ಪಿನ ಮಾತು ನಿಂತಿತು. ಇನ್ನು ಬದುಕಿದೆ ಎಂದುಕೊಂಡೆ.

ಆಗ ತೆಂಗಳಿಯಿಂದ ಅತ್ತೆಯ ತಮ್ಮ ಬಂದರು. ಹೊಲಮನೆ ಮಾಡಿಕೊಂಡಿರುವ ಒಳ್ಳೆಯ ಮನುಷ್ಯ. ನಿಶ್ಚಯದ ಅಡುಗೆಗೆಂದು ಮನೆಯ ತೊಗರಿಬೇಳೆ ತಂದಿದ್ದರು. ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತ, ಸುಮ್ಮನೆ ಮಾತಿಗೆ ಮಾತು ಬಂದಾಗ ಹೇಳಿದರು:

"ಉಪ್ಪಿನಾಗ ಏನದೋ? ತೊಗರಿಗಿ ಹೊಡೀಲಿಕ್ಕ ಯೂರಿಯಾ ಬಕೇಟಿನಾಗ ಕಲಸ್ತೀವಲ್ಲ, ಕೈ ಮರಗಟ್ಟಿ ಹೋಗ್ತದ. ಬಕೇಟಿನ ಹೊರಗ ನೀರು ಬೆವರ್ತದ."

ಭಾವನವರು ಎಲೆ ಜಗಿಯುವುದನ್ನು ನಿಲ್ಲಿಸಿದರು. ಆ ಮುಖ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು.

ತೆಂಗಳಿಯ ಮಾವ ಹೇಳಿದ್ದು ಸುಳ್ಳಲ್ಲ. ಯೂರಿಯಾ ಲವಣವಲ್ಲ, ಆದರೆ ಕರಗುವಾಗ ಅಡುಗೆ ಉಪ್ಪಿಗಿಂತ ಬಹಳ ಹೆಚ್ಚು ಶಾಖ ಹೀರುತ್ತದೆ. ಅದನ್ನು ಒಪ್ಪಿಯೇ ಕೂಲರಿಗೆ ಹಾಕಬಾರದೇಕೆ ಎಂದು ನಾನು ಮೂರು ಬಗೆಯಲ್ಲಿ ಹೇಳಿದೆ. ಭಾವನವರು ಮೂರನ್ನೂ ಕೇಳಿದರು. ಮಾವ ಊರಿಗೆ ಹೋಗಿ ಮತ್ತೊಂದು ಸಲ ಬರುವಾಗ ಅವರ ಕೈಯಲ್ಲಿ ಅರ್ಧ ಚೀಲ ಯೂರಿಯಾ ಇತ್ತು. ಅಂಗಳದ ಹೂಗಿಡಗಳಿಗೆ ಎಂದರು ಭಾವನವರು. ನಮ್ಮ ಅಂಗಳದಲ್ಲಿ ಇರುವುದು ಒಂದು ತುಳಸಿ, ಒಂದು ಕಣಗಿಲೆ.

ನಿಶ್ಚಯ ಹತ್ತಿರ ಬಂದಾಗ ಮನೆಯಲ್ಲೊಂದು ವಾಸನೆ ಶುರುವಾಯಿತು. ಮೊದಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. ಬೆಕ್ಕು ಎಂದು ಅತ್ತೆ ಮಂಚದ ಕೆಳಗೆಲ್ಲ ಕಸಬರಿಗೆ ಆಡಿಸಿದರು. ಚರಂಡಿ ಎಂದು ಗಂಡ ಫಿನಾಯಿಲ್ ಸುರಿದರು. ಮದುಮಗಳಾಗಬೇಕಾದ ಹುಡುಗಿ ಮೂಗಿಗೆ ಓಢಣಿ ಕಟ್ಟಿಕೊಂಡು, "ಕಾಕು, ಮಂದಿ ಬಂದ್ರ ಏನಂತಾರ? ನಮ್ಮ ಮನಿ ಮೂತ್ರಿಖಾನಿ ಆದಂಗ ಆಗ್ಯದ," ಎಂದು ನನಗೆ ಅಳುವ ದನಿಯಲ್ಲಿ ಹೇಳಿದಳು.

ಅಮೋನಿಯಾದ ವಾಸನೆ ನನಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು. ನೇರ ಹೋಗಿ ಕೂಲರಿನ ಬಾಗಿಲು ತೆಗೆದೆ. ಮುಖಕ್ಕೆ ಹೊಡೆದ ಹಾಗಾಯಿತು. ಕೂಲರಿನ ಬದಿಗಳಿಗೆ ಕಟ್ಟಿದ ಒದ್ದೆ ಹುಲ್ಲಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಬೆಚ್ಚಗಿನ ನೀರಿನಲ್ಲಿದ್ದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿದ್ದವು. ಫ್ಯಾನು ಅದನ್ನು ಶ್ರದ್ಧೆಯಿಂದ ಮನೆಗೆಲ್ಲ ಹಂಚುತ್ತಿತ್ತು.

"ಭಾವಾ, ಯೂರಿಯಾ ಹಾಕೀರೇನ್ರಿ?"

"ಭಾಳ ಹಾಕಿಲ್ಲ," ಎಂದರು.

"ಎಷ್ಟು ದಿನದಿಂದ?"

"ನೀ ಸುಮ್ಮ ಸಿಟ್ಟಿಗೇಳಬ್ಯಾಡ. ಹಾಕಿದ ಹೊತ್ತಿನಾಗ ನೀರು ಬರಫ್ ಆದಂಗ ಆಗಿತ್ತು. ಆಮ್ಯಾಲ ಯಾಕೋ ಆಗ್ಲಿಲ್ಲ. ಅದಕ್ಕ ದಿನಾ ಜರಾ ಜರಾ ಹಾಕ್ಕೋತ ಬಂದೆ."

ನನಗೆ ಗೋಡೆಗೆ ತಲೆ ಬಡಿದುಕೊಳ್ಳಬೇಕೆನಿಸಿತು. ಕರಗುವಾಗ ಒಂದೇ ಸಲ, ಆಮೇಲೆ ಇಲ್ಲ ಎಂದು ನಾನು ಏಪ್ರಿಲ್‌ನಿಂದ ಹೇಳುತ್ತ ಬಂದದ್ದನ್ನು ಈ ಮನುಷ್ಯ ತನ್ನ ಕಣ್ಣಿನಿಂದ ನೋಡಿದ್ದರು. ನೋಡಿ, ಅದಕ್ಕೆ ಇನ್ನಷ್ಟು ಯೂರಿಯಾವೇ ಮದ್ದು ಎಂದು ತೀರ್ಮಾನಿಸಿದ್ದರು.

ಕೂಲರನ್ನು ಅಂಗಳಕ್ಕೆ ಎಳೆದು ತೊಳೆದೆವು. ಹುಲ್ಲಿನ ಪಟ್ಟಿಗಳನ್ನು ಕಿತ್ತು ದೂರ ಒಗೆದೆವು. ಹೊಸ ಹುಲ್ಲು ಕಟ್ಟಿಸಲು ಬಜಾರಿಗೆ ಹೋದರೆ, ಇಡೀ ಊರಿಗೇ ಬೇಕಾಗಿತ್ತು, ಸಿಗಲಿಲ್ಲ. ಹೀಗಾಗಿ ನಿಶ್ಚಯದ ದಿನ ಕಿಟಕಿಯಲ್ಲಿ ಖಾಲಿ ಡಬ್ಬಿ ನಿಂತು ಬಿಸಿಗಾಳಿ ಊದುತ್ತಿತ್ತು. ಬೀಗರು ಬರುವ ಮೊದಲೇ ಕರೆಂಟು ಹೋಗಿ ಅದೂ ನಿಂತಿತು.

ಸೇಡಮ್‌ನಿಂದ ಎರಡು ಗಾಡಿ ತುಂಬ ಬಂದರು. ನಡು ಮಧ್ಯಾಹ್ನ. ಕೂತವರೆಲ್ಲ ಕೈಗೆ ಸಿಕ್ಕ ಪೇಪರು, ತಟ್ಟೆ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹುಡುಗನ ಅಜ್ಜಿ ಜರಿಸೀರೆ ಉಟ್ಟು ಗೋಡೆಗೊರಗಿ ಕೂತಿದ್ದರು. ಬಡಕಲು ದೇಹ, ಚುರುಕು ಕಣ್ಣು. ಬಂದ ಕೂಡಲೇ ನನ್ನನ್ನು ಕರೆದು ನೀ ಎಲ್ಲಿ ನೌಕರಿ ಮಾಡ್ತಿ, ಏನು ಕಲಿಸ್ತಿ ಎಂದೆಲ್ಲ ಕೇಳಿದ್ದರು. ಉಡಿ ತುಂಬುವಾಗ ನೋಡುತ್ತೇನೆ, ಅವರ ತಲೆ ಪಕ್ಕಕ್ಕೆ ವಾಲಿತ್ತು. ಮುಟ್ಟಿದರೆ ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಕರೆದರೆ ತೊದಲುತ್ತಿದ್ದರು.

ಹೆಂಗಸರು ಕೂಗಾಡಿದರು. ನನ್ನ ಗಂಡ ಡಾಕ್ಟರನ್ನು ಕರೆತರಲು ಗಾಡಿ ತೆಗೆದುಕೊಂಡು ಓಡಿದರು. ಅಜ್ಜಿಯನ್ನು ಹಿತ್ತಲ ಪಡಸಾಲೆಯ ನೆರಳಿಗೆ ಎತ್ತಿ ತಂದು ಮಲಗಿಸಿ, ಜರಿಸೀರೆ ಸಡಿಲಿಸಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕತೊಡಗಿದೆವು. ಯಾರೋ ಬರಫ್ ತರ್ರಿ ಎಂದರು. ಇದ್ದ ಬರಫ್ ಎಲ್ಲ ಆಗಲೇ ಶರಬತ್ತಿಗೆ ಹೋಗಿತ್ತು. ಕರೆಂಟಿಲ್ಲದೆ ಫ್ರಿಜ್ಜು ಮುಂಜಾನೆಯಿಂದ ಬಂದ್ ಆಗಿತ್ತು.

ಆಗ ನನ್ನ ಕಣ್ಣು ಬಚ್ಚಲಮನೆಯ ಮೂಲೆಯಲ್ಲಿದ್ದ ಆ ದರಿದ್ರ ಯೂರಿಯಾ ಚೀಲದ ಮೇಲೆ ಬಿತ್ತು.

ಮದುಮಗಳಿಗೆ, "ಫಳಾರದ ಸಲುವಾಗಿ ತಂದ ಪ್ಲಾಸ್ಟಿಕ್ ಚೀಲ ಅವಲ್ಲ, ದಪ್ಪನ್ನವು, ತಗೊಂಡು ಬಾ. ಟಾವೆಲ್ಲೂ ತಾ," ಎಂದೆ. ಪಾಪ, ಹೊಸ ಸೀರೆಯಲ್ಲೇ ಓಡಿದಳು. ಮಣ್ಣಿನ ಕೊಡದ ತಣ್ಣೀರನ್ನು ಒಂದೊಂದು ಚೀಲಕ್ಕೆ ಸ್ವಲ್ಪ ಹಾಕಿ, ಅದರಲ್ಲಿ ಯೂರಿಯಾ ಧಾರಾಳವಾಗಿ ಸುರಿದು, ಬಾಯಿ ಬಿಗಿಯಾಗಿ ಕಟ್ಟಿ, ಅದರ ಮೇಲೆ ಇನ್ನೊಂದು ಚೀಲ ಹಾಕಿ ಕಟ್ಟಿ ಕುಲುಕಿದೆ. ಯೂರಿಯಾ ಕಾಳಿಗೆ ಸವರಿದ ಬೇವಿನೆಣ್ಣೆಯ ಕಮಟು ವಾಸನೆ ಬಂತು. ಕೈಯೊಳಗೇ ಚೀಲ ತಣ್ಣಗಾಗುತ್ತ ಹೋಯಿತು, ಬೆರಳು ಜುಮ್ಮೆನ್ನುವಷ್ಟು. ಟವೆಲಿನಲ್ಲಿ ಸುತ್ತಿ ಅಜ್ಜಿಯ ಕುತ್ತಿಗೆಯ ಎರಡು ಬದಿಗೆ, ಕಂಕುಳಿಗೆ ಇಟ್ಟೆ. ಒಂದು ಬೆಚ್ಚಗಾದರೆ ಇನ್ನೊಂದು ಹೊಸದು. ಹಳೆಯದನ್ನು ಮತ್ತೆ ಕುಲುಕಿ ನೋಡುತ್ತಿದ್ದ ಬೀಗಿತ್ತಿಯೊಬ್ಬಳಿಗೆ, "ಅದು ಇನ್ನ ಆಗಂಗಿಲ್ಲರಿ, ಬಿಡ್ರಿ," ಎಂದು ಕಸಿದುಕೊಂಡೆ.

ಡಾಕ್ಟರು ಬರುವ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು, "ನನ್ನ ಸೀರಿ ಯಾರು ಬಿಚ್ಚಿದ್ರು?" ಎಂದು ಕೇಳುತ್ತಿದ್ದರು. ಅಷ್ಟು ಸ್ಪಷ್ಟವಾಗಿ ಸಿಟ್ಟಿಗೆದ್ದದ್ದು ನೋಡಿ ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ನಾಡಿ, ಜ್ವರ ನೋಡಿ, ಆಸ್ಪತ್ರೆಗೆ ಒಯ್ದು ಸಲಾಯಿನ್ ಹಚ್ಚಬೇಕೆಂದರು. ಮೊದಲೇ ಮೈ ತಣಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಚೀಲ ಎತ್ತಿ ನೋಡಿ, "ಇದೇನಿದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಭಾವನವರು ಮುಂದೆ ಬಂದರು.

"ಯೂರಿಯಾರಿ ಡಾಕ್ಟರ್ ಸಾಹೇಬ್ರ. ಭಾಳ ಥಂಡಿ. ನಾನೇ ತರಿಸಿ ಇಟ್ಟಿದ್ದೆ."

ಬೀಗರೆಲ್ಲ ಭಾವನವರ ಕಡೆ ತಿರುಗಿದರು. ಹುಡುಗನ ಅಪ್ಪ ಅವರ ಎರಡೂ ಕೈ ಹಿಡಿದುಕೊಂಡು, "ನೀವು ಮುಂದಾಲೋಚನಿ ಮಾಡಿ ಇಟ್ಟಿರಿ ಅಂತ ನಮ್ಮ ಅವ್ವ ಉಳದಳ್ರಿ," ಎಂದರು. ಭಾವನವರು ತಲೆ ತಗ್ಗಿಸಿ, ಅದರಾಗ ಏನದರಿ ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ದೊಡ್ಡಾವಂದು ಮೊದಲಿಂದ ತಲಿ ಭಾಳ ಚುರುಕು," ಎಂದರು. ನಾನು ಒದ್ದೆ ಟವೆಲು ಹಿಂಡುತ್ತ ನಿಂತಿದ್ದೆ. ಗಂಡ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಬಿಡತ್ಲಾಗ," ಎಂದರು. ಮದುಮಗಳು ಮಾತ್ರ ನನ್ನ ಕೈಯಿಂದ ಟವೆಲು ಇಸಿದುಕೊಂಡು, "ಕಾಕು, ನೀವು ಜರಾ ಕುಂದ್ರಿ," ಎಂದಳು.

ಅಜ್ಜಿ ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು. ನಿಶ್ಚಯದ ಉಳಿದ ಶಾಸ್ತ್ರಗಳನ್ನು ಮುಂದಿನ ವಾರ ಸೇಡಮ್‌ನಲ್ಲೇ ಮುಗಿಸಿದರು. ವಿಶೇಷ ತರಗತಿಗಳ ಕೊನೆಯ ದಿನಗಳಲ್ಲಿ ಒಂದು ಸಂಜೆ ನಾನು ವಾಡಿಯಲ್ಲಿ ಶಹಾಬಾದದ ಗಾಡಿಗೆ ಕಾಯುತ್ತಿದ್ದಾಗ ಫೋನು ಬಂತು. ಅಜ್ಜಿ.

"ಯವ್ವಾ, ಚಲೋ ಇದ್ದಿ? ನಿಮ್ಮ ಭಾವ ಹೇಳಿದ್ರಂತ ನಮ್ಮವರೂ ಕೂಲರಿಗಿ ಅದನ್ನ ಹಾಕ್ಯಾರ. ಮನಿಯಾಗ ನಿಂದ್ರಲಿಕ್ಕ ಆಗವಲ್ದು, ಅಂಥಾ ವಾಸನಿ. ಏನ್ ಮಾಡಬೇಕು?"

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ನೀರು ಚೆಲ್ಲಿ, ಹುಲ್ಲು ತೆಗೆದು ಒಗೆಯಿರಿ, ಬರೀ ನೀರು ಹಾಕಿರಿ, ಇನ್ನು ಮುಂದೆ ಯಾರು ಏನೇ ಹೇಳಿದರೂ ಬರೀ ನೀರು ಎಂದು ಒಂದೊಂದೇ ಪದ ಬಿಡಿಸಿ ಹೇಳಿದೆ. ದನಿಯಲ್ಲಿ ಸಿಟ್ಟು ಇತ್ತೇನೋ. ಆದರೂ ಅಜ್ಜಿ ಫೋನು ಇಡಲಿಲ್ಲ.

"ಒಂದು ಮಾತು ಕೇಳ್ಲಾ? ಅವತ್ತು ಚೀಲದಾಗ ಇತ್ತಲ್ಲ ಥಂಡಿ, ಅದು ಎಲ್ಲಿಂದ ಬಂತು? ಗೊಬ್ಬರದಾಗ ಇತ್ತೋ, ನೀರಾಗ ಇತ್ತೋ?"

ಇಷ್ಟು ವರ್ಷ ಕಲಿಸಿದ್ದೇನೆ, ಯಾರೂ ಇದನ್ನು ಹೀಗೆ ಕೇಳಿರಲಿಲ್ಲ.

"ಎರಡರಾಗೂ ಇರಲಿಲ್ಲರಿ ಅಮ್ಮಾ. ಥಂಡಿ ಅಂತ ಬ್ಯಾರೆ ಏನೂ ಇರಂಗಿಲ್ಲ. ಆ ಕಾಳು ಕರಗಬೇಕಂದ್ರ ಅದಕ್ಕ ಕಾವು ಬೇಕು. ಮೊದಲು ನೀರಿನ ಕಾವು ತಗೊಂತು. ಅದಕ್ಕ ನೀರು ಥಂಡಿ ಆಯ್ತು. ಆಮ್ಯಾಲ ಆ ಥಂಡಿ ನೀರು ನಿಮ್ಮ ಮೈಯಾಗಿನ ಕಾವು ಎಳಕೊಂತು."

"ಅಂದ್ರ ನನ್ನ ಕಾವು ಈಗ ಆ ಚೀಲದಾಗ ಅದ ಅನ್ನು."

"ಇತ್ತರಿ. ಈಗ ಗಾಳಿಗಿ ಹೋಗ್ಯದ."

"ಮತ್ತ ಆ ಕಾಳಿಗಿ ಕಾವು ಯಾಕ ಬೇಕು? ಸುಮ್ಮ ಕರಗಬಾರದೇನು?"

ಅಷ್ಟರಲ್ಲಿ ನನ್ನ ಗಾಡಿ ಬಂತು. ಮಂದಿ ಎದ್ದು ಗಂಟುಮೂಟೆ ಎತ್ತಿಕೊಂಡರು. ಡಬ್ಬಿಯೊಳಗಿನವರು ಇಳಿಯಲಾರದೆ, ಹೊರಗಿನವರು ಹತ್ತಲಾರದೆ ಬಾಗಿಲಲ್ಲಿ ಜಗಳ ಶುರುವಾಯಿತು. ಗದ್ದಲದಲ್ಲಿ ಅಜ್ಜಿಯ ಮಾತು ಕೇಳಿಸದಾಯಿತು. ನಾನು ಒಂದು ಕಿವಿ ಮುಚ್ಚಿಕೊಂಡು, "ತಡೀರಿ ಅಮ್ಮಾ, ಗಾಡಿ ಹೋಗ್ಲಿ, ಹೇಳ್ತೀನಿ," ಎಂದು ಕೂಗಿ ಹೇಳಿ, ಬೆಂಚಿನ ಮೇಲೆ ಸರಿದು ಕೂತೆ.